ಹಗ್ಗ ಮೊದಲು ಯಾರ ಕೈಗೆ?

ಸಾಹಸ ಪ್ರವಾಸೋದ್ಯಮ ಎಂಬ ಮಾತಿಗೆ ಸರ್ಕಾರಿ ಕಡತಗಳಲ್ಲಿ ಈಗ ಗೌರವದ ಸ್ಥಾನ ದೊರೆತಿದೆ. ರಾಜ್ಯದ 2024–29ರ ಪ್ರವಾಸೋದ್ಯಮ ನೀತಿಯಲ್ಲಿಯೂ ಅದಕ್ಕೆ ಜಾಗವಿದೆ. ಬಾದಾಮಿಯ ಕೆಂಪು ಬಂಡೆಗಳನ್ನು, ಹಂಪಿ–ಆನೆಗೊಂದಿಯ ಗುಂಡುಗಳನ್ನು, ರಾಮನಗರದ ಕಲ್ಲುಬೆಟ್ಟಗಳನ್ನು ಏರಲು ದೇಶವಿದೇಶಗಳ ಯುವಜನರು ಬರುವುದನ್ನು ಕಂಡವರು ಕಲಬುರಗಿ ಜಿಲ್ಲೆಯ ಚಿಂಚೋಳಿಯ ಗುಡ್ಡಗಳಲ್ಲಿ ಅದೇಕೆ ಆಗಬಾರದು ಎಂದು ಕೇಳುವುದು ಸಹಜ. ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಗುಡ್ಡಗಳನ್ನೋ ಎತ್ತಿಪೋತ ಜಲಪಾತವನ್ನೋ ಮಳೆಗಾಲ ಮುಗಿಯುವ ಹೊತ್ತಿನಲ್ಲಿ ನೋಡಿದ ಯಾರಿಗೂ ಈ ಪ್ರಶ್ನೆ ಮನಸ್ಸಿಗೆ ಬಾರದಿರದು.

ಈ ಪ್ರಶ್ನೆಗೆ ನನ್ನ ಉತ್ತರ ‘ಆಗಬಹುದು’ ಎಂಬುದೇ. ಆದರೆ ಆಗಬೇಕಾದ ಕ್ರಮದ ಬಗ್ಗೆ ನನ್ನದೊಂದು ತಕರಾರಿದೆ. ಹೊರಗಿನಿಂದ ಬಂದ ಪ್ರವಾಸಿಗೆ ಒಂದು ಗಂಟೆಯ ರೋಮಾಂಚನಕ್ಕಾಗಿ ಹಗ್ಗ ಕಟ್ಟುವ ಮೊದಲು, ಇದೇ ಜಿಲ್ಲೆಯಲ್ಲಿ ಕಲ್ಲಿನೊಂದಿಗೆ ಬದುಕುತ್ತಿರುವವರ ಕೈಗೆ ಆ ಹಗ್ಗ ಮತ್ತು ಅದನ್ನು ಬಳಸುವ ವಿದ್ಯೆ ಸೇರಬೇಕು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳ ಕಲ್ಲುಗಣಿಗಳನ್ನು ಮರೆತು ಚಿಂಚೋಳಿಯ ಸಾಹಸ ಕ್ರೀಡೆಯ ಯೋಜನೆ ಬರೆದರೆ ಅದು ಅರ್ಥಶಾಸ್ತ್ರದ ದೃಷ್ಟಿಯಿಂದಲೂ ನ್ಯಾಯದ ದೃಷ್ಟಿಯಿಂದಲೂ ಅರೆಬೆಂದ ಯೋಜನೆಯಾಗುತ್ತದೆ.

ಮೊದಲಿಗೆ ಕಾನೂನಿನ ಮಾತು. ಚಿಂಚೋಳಿ ರಾಷ್ಟ್ರೀಯ ಉದ್ಯಾನವಲ್ಲ, ವನ್ಯಜೀವಿಧಾಮ. 2011ರಲ್ಲಿ ಘೋಷಿತವಾದ ಇದರ ವಿಸ್ತೀರ್ಣ 134.88 ಚದರ ಕಿಲೊಮೀಟರ್. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮವೆಂದು ಇದನ್ನು ಗುರುತಿಸಲಾಗುತ್ತದೆ. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ಕೊಂಡುಕುರಿಗಳು ಇಲ್ಲಿಯ ನಿವಾಸಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ರಾಷ್ಟ್ರೀಯ ಉದ್ಯಾನದಲ್ಲಿ ಜಾನುವಾರು ಮೇಯಿಸುವುದನ್ನು ಪೂರ್ಣವಾಗಿ ನಿಷೇಧಿಸುತ್ತದೆ. ವನ್ಯಜೀವಿಧಾಮದಲ್ಲಿ ಸ್ಥಳೀಯರ ಕೆಲವು ಹಕ್ಕುಗಳು ನಿಯಂತ್ರಣಕ್ಕೊಳಪಟ್ಟು ಮುಂದುವರಿಯಬಹುದು. ಪ್ರವಾಸೋದ್ಯಮದ ಉದ್ದೇಶಕ್ಕೆ ಪ್ರವೇಶ ಪರವಾನಗಿ ನೀಡಲು ಕಾಯ್ದೆಯ 28ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಆದರೆ ವಾಣಿಜ್ಯ ವಸತಿಗೃಹ, ಹೋಟೆಲುಗಳನ್ನು ಕಟ್ಟಲು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಪೂರ್ವಾನುಮತಿ ಬೇಕು. ಬಂಡೆಗೆ ರಂಧ್ರ ಕೊರೆದು ಬೋಲ್ಟ್ ಕೂರಿಸುವುದೂ ಆವಾಸಸ್ಥಾನವನ್ನು ಮುಟ್ಟುವ ಕೆಲಸವೇ. ಅದನ್ನು ಗುತ್ತಿಗೆದಾರನ ವಿವೇಚನೆಗೆ ಬಿಡುವಂತಿಲ್ಲ.

ರಾಮನಗರದ ಅನುಭವ ಇಲ್ಲಿ ಪಾಠವಾಗಬೇಕು. ಅಲ್ಲಿಯ ರಾಮದೇವರ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆಂಬ ಕಾರಣಕ್ಕೆ 2012ರಲ್ಲಿ ಆ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಶಿಲಾರೋಹಿಗಳಿಗೆ ಪ್ರಿಯವಾದ ಎತ್ತರದ ಗೋಡೆಯೇ ಹದ್ದಿಗೂ ಪ್ರಿಯ. ಹೆಜ್ಜೇನಿಗಂತೂ ಅದು ಇನ್ನೂ ಪ್ರಿಯ. ಹಗ್ಗದಲ್ಲಿ ನೇತಾಡುತ್ತಿರುವ ಮನುಷ್ಯ ಹೆಜ್ಜೇನಿನ ಹಿಂಡಿನಿಂದ ಓಡಿ ತಪ್ಪಿಸಿಕೊಳ್ಳಲಾರ. ಆದ್ದರಿಂದ ಚಿಂಚೋಳಿಯಲ್ಲಿ ಯಾವ ಗೋಡೆ ಯಾವ ತಿಂಗಳಲ್ಲಿ ಯಾರದು ಎಂಬ ಸಮೀಕ್ಷೆ ಮೊದಲು ನಡೆಯಬೇಕು, ಟಿಕೆಟ್ ಮುದ್ರಣ ಆಮೇಲೆ.

ಎರಡನೆಯದು ಕಲ್ಲಿನ ಮಾತು. ಎಲ್ಲ ಬಂಡೆಯೂ ಏರುವ ಬಂಡೆಯಲ್ಲ. ಬಾದಾಮಿಯದು ಮರಳುಗಲ್ಲು, ಕೈಬೆರಳಿಗೆ ಹಿಡಿತ ಕೊಡುವ ಅಡ್ಡ ಸೀಳುಗಳು, ಗಟ್ಟಿ ಗೋಡೆ. ರಾಮನಗರ, ಹಂಪಿಗಳದು ಕಣಶಿಲೆ. ಚಿಂಚೋಳಿಯಲ್ಲಿರುವುದು ದಖನ್ ಪ್ರಸ್ಥಭೂಮಿಯ ಕಪ್ಪು ಬಸಾಲ್ಟ್, ಅದರ ಮೇಲೆ ಅಲ್ಲಲ್ಲಿ ಕೆಂಪು ಜಂಬಿಟ್ಟಿಗೆ. ಜಂಬಿಟ್ಟಿಗೆ ಉದುರುವ ಕಲ್ಲು. ಅದಕ್ಕೆ ಮನುಷ್ಯನ ಭಾರ ನೇತುಹಾಕಬಾರದು. ಬಸಾಲ್ಟಿನಲ್ಲಿ ಬಿರುಕುಗಳು ಹೆಚ್ಚು, ಮಳೆಗಾಲದಲ್ಲಿ ಪಾಚಿ ಹೆಚ್ಚು. ಹಾಗೆಂದು ಬಸಾಲ್ಟು ನಿರುಪಯುಕ್ತವಲ್ಲ. ಮಹಾರಾಷ್ಟ್ರದ ಸಹ್ಯಾದ್ರಿಯ ಕೋಡುಗಲ್ಲುಗಳೆಲ್ಲ ಬಸಾಲ್ಟೇ. ಅಲ್ಲಿ ಶಿಲಾರೋಹಣದ ದೀರ್ಘ ಪರಂಪರೆಯೇ ಬೆಳೆದಿದೆ. ಮಳೆಗಾಲದಲ್ಲಿ ಜಲಪಾತದ ಪಕ್ಕ ಹಗ್ಗದ ಮೇಲೆ ಇಳಿಯುವ ರ‍್ಯಾಪ್ಲಿಂಗ್ ಅಲ್ಲಿ ಜನಪ್ರಿಯ. ಹೀಗಾಗಿ ಚಿಂಚೋಳಿಗೆ ಒಪ್ಪುವುದು ಬಾದಾಮಿಯ ಮಾದರಿಯ ಆರೋಹಣಕ್ಕಿಂತ ಆಯ್ದ ಎರಡು ಮೂರು ಕಡೆ ನಡೆಸಬಹುದಾದ ಅವರೋಹಣ.

ಏರುವುದಕ್ಕಿಂತ ಇಳಿಯುವುದು ಸುಲಭವೆಂಬ ಭಾವನೆ ಜನರಲ್ಲಿದೆ. ವಸ್ತುಸ್ಥಿತಿ ಬೇರೆ. ಏರುವಾಗ ಮನುಷ್ಯ ತನ್ನ ಕೈಕಾಲುಗಳ ಮೇಲೆ ನಿಂತಿರುತ್ತಾನೆ, ಹಗ್ಗ ಜೊತೆಗಿರುವ ರಕ್ಷಣೆ ಮಾತ್ರ. ರ‍್ಯಾಪ್ಲಿಂಗ್‌ನಲ್ಲಿ ಅವನ ಇಡೀ ದೇಹದ ಭಾರ ಹಗ್ಗದ ಮೇಲೆ, ಆ ಹಗ್ಗವನ್ನು ಕಟ್ಟಿದ ಬಿಂದುವಿನ ಮೇಲೆ ಇರುತ್ತದೆ. ಆ ಒಂದು ಬಿಂದು ಸಡಿಲವಾದರೆ ಎರಡನೆಯ ಅವಕಾಶವಿಲ್ಲ. ಅದಕ್ಕಾಗಿಯೇ ಬಲ್ಲವರು ಒಂದಕ್ಕಿಂತ ಹೆಚ್ಚು ಬಿಂದುಗಳಿಗೆ ಕಟ್ಟುತ್ತಾರೆ, ಹಗ್ಗದ ತುದಿಗೆ ಗಂಟು ಹಾಕುತ್ತಾರೆ, ಕೈ ಜಾರಿದರೂ ತಾನಾಗಿ ಬಿಗಿಯುವ ಇನ್ನೊಂದು ಕುಣಿಕೆ ಸೇರಿಸುತ್ತಾರೆ. ಬಳಸದೆ ಇಟ್ಟರೂ ಹತ್ತು ವರ್ಷಕ್ಕೆ ಹಗ್ಗವನ್ನು ತೆಗೆದುಹಾಕಬೇಕೆಂದು ತಯಾರಕರೇ ಹೇಳುತ್ತಾರೆ. ಇದು ಕಲಿತು ಮಾಡಬೇಕಾದ ಕೆಲಸ, ಧೈರ್ಯವೊಂದರಿಂದ ಆಗುವಂಥದಲ್ಲ. ಚಿತ್ರದುರ್ಗದ ಕೋಟೆಯ ಗೋಡೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರನ್ನು ನಾಡು ಬೆರಗಿನಿಂದ ನೋಡಿದೆ. ಆ ಬೆರಗು ನ್ಯಾಯವಾದುದೇ. ಆದರೆ ಅಪರೂಪದ ವ್ಯಕ್ತಿಯೊಬ್ಬನ ಸಾಮರ್ಥ್ಯದ ಮೇಲೆ ಸಾರ್ವಜನಿಕ ವ್ಯವಸ್ಥೆಯನ್ನು ಕಟ್ಟಲಾಗದು.

ಮೂರನೆಯದು ಲೆಕ್ಕದ ಮಾತು. ಕಲಬುರಗಿಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಕಪ್ಪು ಬಂಡೆಯನ್ನು ಮುಟ್ಟುವಂತೆಯೇ ಇರುವುದಿಲ್ಲ. ಮಳೆಗಾಲದಲ್ಲಿ ಬಂಡೆ ಜಾರುತ್ತದೆ. ನಿಶ್ಚಿಂತೆಯಿಂದ ನಡೆಸಬಹುದಾದ ಋತು ನವೆಂಬರ್‌ನಿಂದ ಫೆಬ್ರುವರಿವರೆಗೆ, ನಾಲ್ಕೇ ತಿಂಗಳು. ನಗರದ ಪ್ರವಾಸಿ ಬರುವುದು ಶನಿವಾರ, ಭಾನುವಾರ. ಅಂದರೆ ವರ್ಷಕ್ಕೆ ಸುಮಾರು 34 ದಿನ. ಒಂದು ಹಗ್ಗದಲ್ಲಿ ಗಂಟೆಗೆ ಆರು ಮಂದಿಯಂತೆ ದಿನಕ್ಕೆ ಐದು ಗಂಟೆ ಇಳಿಸಬಹುದೆಂದು ಇಟ್ಟುಕೊಳ್ಳಿ. ಎರಡು ಹಗ್ಗಗಳಿಗೆ ಇಡೀ ವರ್ಷದಲ್ಲಿ ಎರಡು ಸಾವಿರ ಮಂದಿ. ತಲೆಗೆ 500 ರೂಪಾಯಿ ಶುಲ್ಕವೆಂದರೂ ಒಟ್ಟು ಆದಾಯ ಹತ್ತು ಲಕ್ಷ. ಅದರಲ್ಲಿ ಸಲಕರಣೆ, ವಿಮೆ, ತರಬೇತುದಾರರ ಸಂಬಳ, ಅರಣ್ಯ ಇಲಾಖೆಯ ಶುಲ್ಕ ಕಳೆಯಬೇಕು. ಒಂದೂ ಕುರ್ಚಿ ಖಾಲಿ ಉಳಿಯದ ಆದರ್ಶ ಸ್ಥಿತಿಯ ಲೆಕ್ಕವಿದು. ಹೊರಗಿನ ಸಂಸ್ಥೆಯೊಂದು ತನ್ನ ಹಗ್ಗ, ತನ್ನ ತರಬೇತುದಾರರೊಂದಿಗೆ ಬಂದು ಇದನ್ನು ನಡೆಸಿದರೆ ಊರಿನವರಿಗೆ ದಕ್ಕುವುದು ವಾಹನ ನಿಲುಗಡೆಯ ಚೀಟಿ ಹರಿಯುವ ಕೆಲಸ ಮತ್ತು ಚಹಾದಂಗಡಿ. ವರ್ಷಕ್ಕೆ 34 ದಿನದ ದುಡಿಮೆಯಿಂದ ಯಾವ ಸಂಸಾರವೂ ನಡೆಯದು.

ಉಳಿದ ದಿನಗಳಲ್ಲಿ ಈ ಕೌಶಲ್ಯಕ್ಕೆ ಕೆಲಸ ಎಲ್ಲಿದೆ ಎಂದು ಕೇಳಿದಾಗ ನಮ್ಮ ನೋಟ ಚಿಂಚೋಳಿಯಿಂದ ದಕ್ಷಿಣಕ್ಕೆ ಹೊರಳಬೇಕಾಗುತ್ತದೆ. ಬಸಾಲ್ಟ್ ಮುಗಿದು ಭೀಮಾ ಕೊಳ್ಳದ ಸುಣ್ಣಕಲ್ಲು ಆರಂಭವಾಗುವ ನಾಡು ಅದು. ಶಹಾಬಾದಿನ ಪರಸಿ ಕಲ್ಲು ತುಳಿಯದ ಮನೆ ಉತ್ತರ ಕರ್ನಾಟಕದಲ್ಲಿ ವಿರಳ. ಅದೇ ಸುಣ್ಣಕಲ್ಲು ವಾಡಿ, ಮಳಖೇಡ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳಿಗೆ ಆಹಾರ. ವಾಡಿಯಲ್ಲಿ ಸಿಮೆಂಟ್ ಉತ್ಪಾದನೆ 1968ರಲ್ಲಿ ಆರಂಭವಾಯಿತು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ ಇಂದು ಹೊರಗಿನವರಿಗೆ ಪರಿಚಿತವಾಗಿರುವುದು ಸಿಮೆಂಟಿನ ಹೆಸರಿನಿಂದ. ಇಲ್ಲಿ ಎತ್ತರದಲ್ಲಿ, ಅಂಚಿನಲ್ಲಿ, ಆಳದಲ್ಲಿ ನಿತ್ಯ ದುಡಿಯುವವರು ಬಹಳ ಮಂದಿ. ಅವರನ್ನು ಯಾರೂ ಸಾಹಸಿಗಳೆಂದು ಕರೆಯುವುದಿಲ್ಲ.

1990ರ ದಶಕದಲ್ಲಿ ಈ ಜಿಲ್ಲೆಯಲ್ಲಿ ಸೇವೆಯಲ್ಲಿದ್ದಾಗ ಶಹಾಬಾದ್ ಸಮೀಪದ ಪರಸಿ ಗಣಿಯೊಂದಕ್ಕೆ ಪರಿಶೀಲನೆಗೆ ಹೋಗಿದ್ದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಅಂಚಿನಲ್ಲಿ ಸಡಿಲವಾಗಿದ್ದ ಚಪ್ಪಡಿಯನ್ನು ಉರುಳಿಸಲು ಒಬ್ಬ ಯುವಕ ಸೊಂಟಕ್ಕೆ ಹಳೆಯ ನಾರಿನ ಹಗ್ಗ ಸುತ್ತಿಕೊಂಡು, ಕೈಯಲ್ಲಿ ಹಾರೆ ಹಿಡಿದು ಕೆಳಗಿಳಿಯುತ್ತಿದ್ದ. ಹಗ್ಗದ ಇನ್ನೊಂದು ತುದಿಯನ್ನು ಬಿರುಕಿಗೆ ಬಡಿದ ಕಬ್ಬಿಣದ ಗೂಟಕ್ಕೆ ಕಟ್ಟಿದ್ದರು. ತಲೆಗೆ ಟವೆಲ್ ಬಿಟ್ಟರೆ ಬೇರೇನೂ ಇರಲಿಲ್ಲ. ಅವನು ಮೇಲೆ ಬಂದ ಮೇಲೆ ಹಗ್ಗದ ಬಗ್ಗೆ ವಿಚಾರಿಸಿದೆ. ‘ಹಗ್ಗ ಹರೀತದ ಅಂತ ಹೆದರಿಕೋತ ಕುಂತ್ರ ಹೊಟ್ಟಿ ತುಂಬತದೇನ್ರಿ ಸಾಹೇಬ್ರ?’ ಎಂದು ನಕ್ಕ. ನನ್ನ ಜೊತೆಗಿದ್ದವರೂ ನಕ್ಕರು. ಬಂಡೆಯಿಂದ ಹಗ್ಗದ ಮೇಲೆ ಇಳಿಯುವ ಈ ಕ್ರಿಯೆಗೆ ನಗರಗಳಲ್ಲಿ ಜನ ದುಡ್ಡು ಕೊಡುತ್ತಾರೆಂದು ಆಗ ಅವನಿಗೆ ಹೇಳಿದ್ದರೆ ನಂಬುತ್ತಿರಲಿಲ್ಲ.

ಅಂದಿನಿಂದ ಇಂದಿಗೆ ಯಂತ್ರಗಳು ಹೆಚ್ಚಿವೆ, ದೊಡ್ಡ ಗಣಿಗಳಲ್ಲಿ ಸುರಕ್ಷತೆಯ ಶಿಸ್ತು ಸುಧಾರಿಸಿದೆ. ಎತ್ತರದಲ್ಲಿ ಕೆಲಸ ಮಾಡುವವನಿಗೆ ರಕ್ಷಣೆ ಒದಗಿಸಬೇಕೆಂಬ ನಿಯಮ 1952ರ ಗಣಿ ಕಾಯ್ದೆಯ ಕಾಲದಿಂದಲೂ ಇದೆ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಆ ಹೊಣೆಯನ್ನು ಮಾಲೀಕನ ಮೇಲೆಯೇ ಇರಿಸಿದೆ. ಆದರೆ ಸಣ್ಣ ಗಣಿಗಳಲ್ಲಿ, ಗುತ್ತಿಗೆಯ ಒಳಗುತ್ತಿಗೆಯಲ್ಲಿ, ದಿನಗೂಲಿಯ ಲೆಕ್ಕದಲ್ಲಿ ನಿಯಮ ತಲುಪುವಷ್ಟರಲ್ಲಿ ತೆಳುವಾಗಿಬಿಡುತ್ತದೆ. ಅಮೆರಿಕದ ಹೂವರ್ ಅಣೆಕಟ್ಟೆಯನ್ನು 1930ರ ದಶಕದಲ್ಲಿ ಕಟ್ಟುವಾಗ ಕಣಿವೆಯ ಗೋಡೆಗಳಿಂದ ಸಡಿಲ ಕಲ್ಲುಗಳನ್ನು ತೆಗೆಯಲು ಕಾರ್ಮಿಕರು ಹಗ್ಗದಲ್ಲಿ ನೇತಾಡುತ್ತಿದ್ದರು. ಮೇಲಿನಿಂದ ಬೀಳುವ ಕಲ್ಲಿನಿಂದ ತಲೆ ಉಳಿಸಿಕೊಳ್ಳಲು ಅವರೇ ತಮ್ಮ ಬಟ್ಟೆಯ ಟೋಪಿಗಳನ್ನು ಡಾಂಬರಿನಲ್ಲಿ ಅದ್ದಿ ಗಟ್ಟಿ ಮಾಡಿಕೊಂಡರು. ಅವು ತಲೆ ಕಾಯುತ್ತವೆಂದು ಖಾತ್ರಿಯಾದ ಮೇಲೆ ಗುತ್ತಿಗೆದಾರರು ಗಟ್ಟಿ ಟೋಪಿಗಳನ್ನು ತರಿಸಿಕೊಟ್ಟರು. ಸುರಕ್ಷತೆಯ ಜ್ಞಾನ ಕಾರ್ಮಿಕನ ಕೈಯಲ್ಲಿದ್ದಾಗ ನಿಯಮವೂ ಬೇಗ ಎಚ್ಚರಗೊಳ್ಳುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಹಗ್ಗದ ಕೆಲಸಕ್ಕೆ ಇಂದು ಮಾರುಕಟ್ಟೆಯೂ ಇದೆ. ಬೆಂಗಳೂರು, ಹೈದರಾಬಾದ್‌ಗಳ ಗಾಜಿನ ಕಟ್ಟಡಗಳ ಹೊರಗೆ ನೇತಾಡುತ್ತ ಗಾಜು ಒರೆಸುವವರು ಮಾಡುತ್ತಿರುವುದು ರ‍್ಯಾಪ್ಲಿಂಗನ್ನೇ. ಸಿಮೆಂಟ್ ಕಾರ್ಖಾನೆಗಳ ಪ್ರಿಹೀಟರ್ ಗೋಪುರ, ಚಿಮಣಿ, ಉಗ್ರಾಣಗಳ ದುರಸ್ತಿಗೆ, ಗಾಳಿಯಂತ್ರಗಳ ರೆಕ್ಕೆಗಳ ತಪಾಸಣೆಗೆ ಹಗ್ಗದ ತಂತ್ರಜ್ಞರು ಬೇಕು. ‘ಐರಾಟಾ’ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇಂಥವರಿಗೆ ಮೂರು ಹಂತಗಳ ಪ್ರಮಾಣಪತ್ರ ನೀಡುತ್ತದೆ. ಮೊದಲ ಹಂತಕ್ಕೆ ಕನಿಷ್ಠ ನಾಲ್ಕು ದಿನಗಳ ತರಬೇತಿ ಮತ್ತು ಒಂದು ಪರೀಕ್ಷೆ. ಎರಡನೆಯದಕ್ಕೆ ಒಂದು ವರ್ಷದ ಅನುಭವ ಹಾಗೂ ಹಗ್ಗದ ಮೇಲೆ 1000 ಗಂಟೆಗಳ ದುಡಿಮೆ. ಚಿಂಚೋಳಿ, ಚಿತ್ತಾಪುರ, ಸೇಡಂ ತಾಲ್ಲೂಕುಗಳ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರುಗಳಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಯುವಕರು ಹೇಗೂ ಸಾರುವೆಯ ಮೇಲೆ ನಿಲ್ಲುತ್ತಾರೆ. ಪ್ರಮಾಣಪತ್ರವಿಲ್ಲದೆ ನಿಲ್ಲುವವನಿಗೂ ಪ್ರಮಾಣಪತ್ರದೊಂದಿಗೆ ನಿಲ್ಲುವವನಿಗೂ ಕೂಲಿಯಲ್ಲಿ ಅಂತರವಿದೆ, ಬದುಕಿ ಮನೆಗೆ ಮರಳುವ ಸಂಭವದಲ್ಲಿಯೂ ಅಂತರವಿದೆ.

ಇನ್ನೊಂದು ಬಳಕೆ ರಕ್ಷಣಾ ಕಾರ್ಯ. ಗಣಿಗಾರಿಕೆ ನಿಂತ ಗುಂಡಿಗಳಲ್ಲಿ ಮಳೆನೀರು ನಿಲ್ಲುತ್ತದೆ; ಅವುಗಳ ನೇರ ಗೋಡೆಗಳಿಂದ ಬಿದ್ದವನು ಮೇಲೇರಲಾರ. ತೆರೆದ ಬಾವಿಗಳದೂ ಅದೇ ಕಥೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಹರಿದಾಗ ಈ ಜಿಲ್ಲೆ ಕಂಡ ಸಂಕಷ್ಟ ನೆನಪಿನಲ್ಲಿದೆ. ಹೊರಗಿನ ಪರಿಣತ ತಂಡ ಬರುವುದಕ್ಕೆ ಗಂಟೆಗಳು ಹಿಡಿಯುತ್ತವೆ, ಜೀವ ಉಳಿಯುವುದು ಮೊದಲ ಗಂಟೆಯಲ್ಲಿ. ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ 2023ರ ನವೆಂಬರಿನಲ್ಲಿ 17 ದಿನ ಸಿಲುಕಿದ್ದ 41 ಕಾರ್ಮಿಕರನ್ನು ತಲುಪಲು ದೊಡ್ಡ ಯಂತ್ರ ಸೋತಾಗ ಕೊನೆಯ ಹತ್ತು ಹನ್ನೆರಡು ಮೀಟರನ್ನು ಕೈಯಿಂದ ಕೊರೆದವರು ಬಿಲಗಣಿಯ ಕೆಲಸ ಬಲ್ಲ ಕೂಲಿಗಳೇ. ಕೇಂದ್ರದ ‘ಆಪದಾ ಮಿತ್ರ’ ಯೋಜನೆಯಡಿ ಸ್ವಯಂಸೇವಕರಿಗೆ 12 ದಿನಗಳ ತರಬೇತಿಯ ಕ್ರಮವಿದೆ. ಕಲ್ಲುಗಣಿಯ ತಾಲ್ಲೂಕುಗಳಲ್ಲಿ ಅದಕ್ಕೆ ಹಗ್ಗದ ವಿದ್ಯೆಯನ್ನು ಸಮಗ್ರವಾಗಿ ಸೇರಿಸಬಹುದು.

ಹಾಗಾದರೆ ಮಾಡಬೇಕಾದುದೇನು? ತರಬೇತಿ ಕೇಂದ್ರವನ್ನು ಅಭಯಾರಣ್ಯದ ಒಳಗಲ್ಲ, ಶಹಾಬಾದ್ ಅಥವಾ ವಾಡಿಯಲ್ಲಿ ಸ್ಥಾಪಿಸಬೇಕು. ವಾಡಿ ರೈಲ್ವೆ ಜಂಕ್ಷನ್. ನಾಲ್ಕೂ ತಾಲ್ಲೂಕುಗಳವರಿಗೆ ಬರಲು ಅನುಕೂಲ. ಹಳೆಯ ಗಣಿಯ ಗೋಡೆಯನ್ನೇ ಏರುಗೋಡೆ ಮಾಡಿಬಿಡೋಣವೆಂಬ ಸಲಹೆ ಆಗಾಗ ಕೇಳುತ್ತದೆ. ಪರಸಿ ಕಲ್ಲು ಪದರಪದರವಾಗಿ ಬಿಡಿಸಿಕೊಳ್ಳುವ ಗುಣದಿಂದಲೇ ನೆಲಹಾಸಾಗಿದೆ. ಅದೇ ಗುಣದಿಂದ ಅದು ಏರುಗೋಡೆಗೆ ಅಯೋಗ್ಯ. ಆದ್ದರಿಂದ ಕಬ್ಬಿಣದ ಗೋಪುರ ಮತ್ತು ಕೃತಕ ಗೋಡೆಯೇ ಕ್ಷೇಮ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಗೆ ಇಂಥ ತರಬೇತಿಯ ಅನುಭವವಿದೆ. ಇಲ್ಲಿ ಪಳಗಿದವರಲ್ಲಿ ಕೆಲವರು ಚಿಂಚೋಳಿಯ ಆಯ್ದ ಸ್ಥಳಗಳಲ್ಲಿ, ಅರಣ್ಯ ಇಲಾಖೆಯ ಪರವಾನಗಿಯೊಂದಿಗೆ, ಸೀಮಿತ ದಿನಗಳಲ್ಲಿ ಮಾರ್ಗದರ್ಶಕರಾಗಲಿ. ಉಳಿದವರು ಗಣಿಗೆ, ಕಾರ್ಖಾನೆಗೆ, ಅಗ್ನಿಶಾಮಕ ದಳಕ್ಕೆ, ನಗರಕ್ಕೆ ಹೋಗಲಿ.

ಹಣದ ಕೊರತೆಯ ನೆಪ ಇಲ್ಲಿ ಸಲ್ಲದು. 2015ರಲ್ಲಿ ಗಣಿ ಮತ್ತು ಖನಿಜ ಕಾಯ್ದೆಗೆ ಆದ ತಿದ್ದುಪಡಿಯ ಪ್ರಕಾರ ಗಣಿಗಾರಿಕೆಯಿಂದ ಬಾಧಿತವಾದ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳಿವೆ. ಗಣಿ ಗುತ್ತಿಗೆದಾರರು ರಾಜಧನದ ಜೊತೆಗೆ ಅದಕ್ಕೊಂದು ಪಾಲು ಕೊಡಬೇಕು. ಕೌಶಲ್ಯಾಭಿವೃದ್ಧಿ ಅದರ ಆದ್ಯತೆಯ ಬಾಬತ್ತುಗಳಲ್ಲಿ ಒಂದು. 371(ಜೆ) ವಿಧಿಯ ಬಲದಿಂದ ನಡೆಯುತ್ತಿರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ಇದೆ. ಕಮಾನು, ಸಮುದಾಯ ಭವನಗಳಿಗೆ ಹೋಗುವ ಹಣದ ಒಂದು ಸಣ್ಣ ಭಾಗ ಈ ಕೇಂದ್ರಕ್ಕೆ ಸಾಕು.

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಕಾರ್ಮಿಕನಿಗೆ ತರಬೇತಿ ಕೊಟ್ಟರೆ ಮಾಲೀಕ ತನ್ನ ಹೊಣೆಯನ್ನು ಅವನ ಹೆಗಲಿಗೆ ಜಾರಿಸುವುದಿಲ್ಲವೇ? ‘ತರಬೇತಿ ಪಡೆದವನೇ ಬಿದ್ದ, ತಪ್ಪು ಅವನದೇ’ ಎಂದು ಹೇಳುವುದಿಲ್ಲವೇ? ಈ ಭಯ ನಿರಾಧಾರವಲ್ಲ. ಆದ್ದರಿಂದ ತರಬೇತಿಯ ಮೊದಲ ಪಾಠವೇ ಯಾವ ಹಗ್ಗಕ್ಕೆ ಇಳಿಯಬಾರದು ಎಂಬುದಾಗಿರಬೇಕು; ಹಾಗೆ ನಿರಾಕರಿಸಿದವನ ಕೂಲಿ ಕಡಿತವಾಗದಂತೆ ಕಾರ್ಮಿಕ ಇಲಾಖೆ ನೋಡಿಕೊಳ್ಳಬೇಕು. ಸಲಕರಣೆಯ ವೆಚ್ಚ, ವಿಮೆ ಎರಡೂ ಮಾಲೀಕನವೇ. ಎರಡನೆಯ ಆಕ್ಷೇಪ ಪರಿಸರಪ್ರಿಯರದು: ಅಭಯಾರಣ್ಯದಲ್ಲಿ ಒಂದು ಹಗ್ಗಕ್ಕೂ ಅವಕಾಶ ಬೇಡ. ಅವರ ಕಾಳಜಿಯನ್ನು ಗೌರವಿಸುತ್ತೇನೆ. ಆದರೆ ಪರವಾನಗಿ ಪಡೆದ ಸ್ಥಳೀಯ ತಂಡ ಇಲ್ಲದ ಕಡೆ ಜನ ಸುಮ್ಮನಿರುವುದಿಲ್ಲ. ಜಲಪಾತದ ನೆತ್ತಿಯಲ್ಲಿ ನಿಂತು ಮೊಬೈಲ್ ಹಿಡಿಯುತ್ತಾರೆ, ಬಾಟಲಿ ಎಸೆಯುತ್ತಾರೆ. ಕಾಯುವ ಕಣ್ಣುಗಳಿದ್ದರೆ ಕಾಡಿಗೇ ಲಾಭ. ಸಮೀಕ್ಷೆಯಲ್ಲಿ ಒಂದು ಗೋಡೆಯೂ ಯೋಗ್ಯವಲ್ಲವೆಂದು ತಿಳಿದುಬಂದರೆ ಚಿಂಚೋಳಿಯ ಭಾಗವನ್ನು ಕೈಬಿಡೋಣ. ಆಗಲೂ ತರಬೇತಿ ಕೇಂದ್ರದ ಅಗತ್ಯ ಕುಂದುವುದಿಲ್ಲ. ಪ್ರವಾಸೋದ್ಯಮವನ್ನೇ ನೆಚ್ಚಿದ ಯೋಜನೆಗೆ ಈ ಮಾತು ಹೇಳಲು ಬರುವುದಿಲ್ಲ.

ಕೊನೆಯದಾಗಿ ನ್ಯಾಯದ ಪ್ರಶ್ನೆಯೊಂದಿದೆ. ಕುಂಚಾವರಂ ಸುತ್ತಲಿನ ತಾಂಡಾಗಳ ಹೆಣ್ಣುಮಕ್ಕಳು ಸೌದೆಗೆ, ದನಗಾಹಿಗಳು ಮೇವಿಗೆ ಅದೇ ಕಾಡಿನ ಅಂಚನ್ನು ಅವಲಂಬಿಸಿದವರು. ಅವರ ಕೊಡಲಿ, ಕುಡಗೋಲುಗಳಿಗೆ ಕಾನೂನಿನ ಅಡ್ಡಿ ತೋರಿಸುವ ವ್ಯವಸ್ಥೆ ಟಿಕೆಟ್ ಕೊಂಡವನಿಗೆ ಮಾತ್ರ ಬಾಗಿಲು ತೆರೆದರೆ, ಆ ಕಾಡನ್ನು ತಮ್ಮದೆಂದು ಕಾಯಲು ಯಾರಿಗೂ ಮನಸ್ಸು ಬಾರದು. ಮಾರ್ಗದರ್ಶಕರ ಆಯ್ಕೆಯಲ್ಲಿ ತಾಂಡಾಗಳ ಯುವಕ ಯುವತಿಯರಿಗೆ ಮೊದಲ ಹಕ್ಕು ಇರಬೇಕು. ಶುಲ್ಕದ ನಿಗದಿತ ಪಾಲು ಗ್ರಾಮ ಅರಣ್ಯ ಸಮಿತಿಗೆ ನೇರವಾಗಿ ಸಲ್ಲಬೇಕು. ಅರಣ್ಯ ಹಕ್ಕು ಕಾಯ್ದೆಯಡಿ ಬಾಕಿ ಉಳಿದ ಅರ್ಜಿಗಳಿದ್ದರೆ ಮೊದಲು ಅವು ಇತ್ಯರ್ಥವಾಗಬೇಕು.

ಜಿಲ್ಲಾಡಳಿತ ಸಾಹಸ ಪ್ರವಾಸೋದ್ಯಮದ ಪ್ರಸ್ತಾವವನ್ನು ಕೈಗೆತ್ತಿಕೊಳ್ಳುವ ಸಭೆಗೆ ಪ್ರವಾಸೋದ್ಯಮ ಮತ್ತು ಅರಣ್ಯ ಇಲಾಖೆಗಳ ಅಧಿಕಾರಿಗಳ ಜೊತೆಗೆ ಗಣಿ ಇಲಾಖೆ, ಕಾರ್ಮಿಕ ಇಲಾಖೆ, ಅಗ್ನಿಶಾಮಕ ದಳದವರನ್ನೂ ಕರೆಯಲಿ. ಯೋಜನೆಯ ಯಶಸ್ಸನ್ನು ಬಂದ ಪ್ರವಾಸಿಗಳ ಸಂಖ್ಯೆಯಿಂದ ಅಳೆಯುವುದು ರೂಢಿ. ಅದರ ಬದಲು ಐದು ವರ್ಷಗಳ ಕೊನೆಯಲ್ಲಿ ಎರಡು ಅಂಕಿಗಳನ್ನು ಕೇಳೋಣ: ಈ ಐದು ಊರುಗಳ ಎಷ್ಟು ಮಂದಿ ಹಗ್ಗದ ಪ್ರಮಾಣಪತ್ರ ಪಡೆದು ವರ್ಷವಿಡೀ ಅದರಿಂದ ದುಡಿಯುತ್ತಿದ್ದಾರೆ? ಗಣಿ ಗುಂಡಿಗಳಲ್ಲಿ, ಎತ್ತರದ ಕೆಲಸಗಳಲ್ಲಿ ಬಿದ್ದು ಸತ್ತವರ ಸಂಖ್ಯೆ ಎಷ್ಟು ಇಳಿದಿದೆ? ಈ ಎರಡಕ್ಕೂ ಉತ್ತರಿಸಲು ಸಿದ್ಧವಿರುವ ಪ್ರಸ್ತಾವಕ್ಕೆ ಮಾತ್ರ ಮಂಜೂರಾತಿ ಸಿಗಲಿ.